ಗಾಜಿನಲ್ಲಿ ನೀರು ಕಾಣದಿದ್ದಾಗ

ಹರಿಹರದ ಹೊರಗೆ ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಅಕ್ಕಿ ಗಿರಣಿ ಇದೆ. ಅದರ ಬಾಯ್ಲರ್ ಮನೆಯಲ್ಲಿ ಆ ಮಧ್ಯಾಹ್ನ ನಾವು ನಾಲ್ಕು ಜನ ಇದ್ದೆವು. ಗಿರಣಿಯ ಸೂಪರ್‌ವೈಸರ್ ಬಾಗಿಲಿಗೆ ಒರಗಿ ನಿಂತಿದ್ದ. ಒಂದು ಕಾಲಕ್ಕೆ ಅವನು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿ. ಬಾಯ್ಲರ್ ನೋಡಿಕೊಳ್ಳುವವನು ಹೊಟ್ಟಿನ ರಾಶಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಹೆಂಡತಿ ಅದೇ ಗಿರಣಿಯ ಕಣದಲ್ಲಿ ಭತ್ತ ಹರವುವ ಕೆಲಸದವಳು. ಗಂಡನಿಗೆ ಊಟದ ಡಬ್ಬಿ ತಂದವಳು, ನಾನೇನು ಹೇಳುತ್ತೇನೋ ಕೇಳೋಣ ಅಂತ ಗೋಡೆ ಬದಿಗೆ ಕೂತುಬಿಟ್ಟಿದ್ದಳು. ನಾಲ್ಕನೆಯವನು ನಾನು. ಅಲ್ಲಿದ್ದದ್ದು ಒಂದೇ ಕುರ್ಚಿ, ಅದನ್ನು ಒರೆಸಿ ನನಗೆ ಕೊಟ್ಟಿದ್ದರು.

ನಾನು ಅಲ್ಲಿಗೆ ಹೋಗಲು ಕಾರಣ ಆ ಸೂಪರ್‌ವೈಸರ್. ನಿವೃತ್ತನಾದ ಮೇಲೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ ಪೇಪರ್ ಓದಿ, ವಾಕಿಂಗ್ ಮಾಡಿ, ಸಿಕ್ಕವರಿಗೆ ಕಥೆ ಹೇಳಿಕೊಂಡಿದ್ದೆ. ಅವನು ಒಂದು ದಿನ ಬಂದು ತನ್ನ ಕಷ್ಟ ಹೇಳಿಕೊಂಡ. ಗಿರಣಿಯ ಬಾಯ್ಲರನ್ನು ಸರ್ಟಿಫಿಕೇಟ್ ಇರುವವನೇ ನಡೆಸಬೇಕು. ಸರ್ಟಿಫಿಕೇಟ್ ಇದ್ದ ಹಳೇ ಮೇಸ್ತ್ರಿ ತೀರಿಕೊಂಡಿದ್ದಾನೆ. ಅವನ ಕೈಕೆಳಗೆ ಹದಿನೆಂಟು ವರ್ಷ ಕೆಲಸ ಮಾಡಿದ ಮನುಷ್ಯನೊಬ್ಬ ಇದ್ದಾನೆ, ಬಾಯ್ಲರಿನ ನಾಡಿ ಬಲ್ಲವನು, ಆದರೆ ಅವನ ಹತ್ತಿರ ಕಾಗದವಿಲ್ಲ. ಮೌಖಿಕ ಪರೀಕ್ಷೆ ಕೊಡಬೇಕು. ಪುಸ್ತಕ ಇಂಗ್ಲಿಷಿನಲ್ಲಿದೆ. ನೀವು ಕನ್ನಡದಲ್ಲಿ ತಿಳಿಸಿ ಹೇಳಿದರೆ ಒಂದು ಸಂಸಾರ ಉಳಿಯುತ್ತದೆ ಸರ್, ಎಂದ.

ಸಂಸಾರ ಉಳಿಯುತ್ತದೆ ಎಂದದ್ದು ಬರೀ ಬಾಯಿಮಾತಲ್ಲ. ಬಾಯ್ಲರ್ ಮನೆಗೆ ಬರುವ ಮುಂಚೆ ಆ ಮನುಷ್ಯ ಹಮಾಲಿ ಮಾಡುತ್ತಿದ್ದ. ಭತ್ತದ ಚೀಲ ಹೊತ್ತು ಹೊತ್ತು ಬಲಭುಜ ಕೆಟ್ಟಿತ್ತು. ಚೀಲ ಹೊರಲಾರದೆ ಕೂತವನನ್ನು ಆ ಮೇಸ್ತ್ರಿಯೇ ಕರೆದು ಒಳಗೆ ಸೇರಿಸಿಕೊಂಡಿದ್ದನಂತೆ. ಪರೀಕ್ಷೆ ಪಾಸಾಗದಿದ್ದರೆ ಮತ್ತೆ ಚೀಲವೇ ಗತಿ.

ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಮೊದಲ ದಿನದಿಂದಲೇ ನಾನು ಏಕವಚನದಲ್ಲಿ ಮಾತಾಡಿದೆ, ಅವನು ಮೇಷ್ಟ್ರೇ ಅಂದ. ವಾರಕ್ಕೆ ಎರಡು ದಿನ ಸ್ಕೂಟರ್ ಹಾಕಿಕೊಂಡು ಹರಿಹರಕ್ಕೆ ಹೋಗುತ್ತಿದ್ದೆ.

ಅವನು ತನ್ನ ಊರಿನ ಡೊಳ್ಳಿನ ಮೇಳದಲ್ಲಿ ಬಾರಿಸುವವನು. ಡೊಳ್ಳನ್ನು ಬಾಯ್ಲರ್ ಮನೆಯ ಮೂಲೆಯಲ್ಲೇ ತೂಗುಹಾಕಿದ್ದ, ಅಲ್ಲಿ ತೇವ ಇರುವುದಿಲ್ಲ ಅಂತ. ಎರಡನೇ ದಿನವೋ ಮೂರನೇ ದಿನವೋ ಅದನ್ನು ಇಳಿಸಿ ನನಗೆ ತೋರಿಸಿದ. ಒಂದು ಬದಿಗೆ ಕುರಿಯ ಚರ್ಮ, ಇನ್ನೊಂದು ಬದಿಗೆ ಮೇಕೆಯದು. ಎರಡನ್ನೂ ಹಗ್ಗ ಎಳೆದು ಬಿಗಿದಿರುತ್ತಾರೆ. ಥಂಡಿ ಹಿಡಿದರೆ ಚರ್ಮ ಸಡಿಲ, ಸದ್ದು ಮಂಕು. ಬೆಂಕಿಯ ಕಾವು ತೋರಿಸಿದರೆ ಬಿಗಿಯಾಗಿ ಗಂಟಲು ಬಿಡುತ್ತದೆ. ಕೈಯಲ್ಲೇ ಈ ಬದಿಗೆ ಒಂದು ಪೆಟ್ಟು ಹಾಕಿ, ಆ ಬದಿಯ ಚರ್ಮದ ಮೇಲೆ ನನ್ನ ಅಂಗೈ ಇಡಿಸಿದ. ಆ ಬದಿ ಅಂಗೈ ಕೆಳಗೆ ನಡುಗಿತು. ಒಳಗಿರುವ ಗಾಳಿ ಇಲ್ಲಿಯ ಪೆಟ್ಟನ್ನು ಅಲ್ಲಿಗೆ ದಾಟಿಸುತ್ತದೆ ಎಂದು ಅವನೇ ಹೇಳಿದ. ಮೂವತ್ತು ವರ್ಷ ನಾನು ಬೋರ್ಡಿನ ಮೇಲೆ ಶಬ್ದದ ಪಾಠ ಮಾಡಿದ್ದೆ. ಅಷ್ಟು ಚೆನ್ನಾಗಿ ಒಮ್ಮೆಯೂ ಹೇಳಿರಲಿಲ್ಲ.

ಹೇಳಿರಲಿಲ್ಲ ಎಂದು ಆಗ ಒಪ್ಪಿಕೊಳ್ಳಲಿಲ್ಲ. ಅದನ್ನೇ ಎತ್ತಿಕೊಂಡು ನನ್ನ ಪಾಠಕ್ಕೆ ಸೇರಿಸಿಬಿಟ್ಟೆ. ನೋಡಪ್ಪ, ಡೊಳ್ಳಿನೊಳಗಿನ ಗಾಳಿಯಂತೆಯೇ ಬಾಯ್ಲರಿನ ಡ್ರಮ್ಮಿನೊಳಗೆ ಆವಿ ಇರುತ್ತದೆ, ಅದು ಒಂದು ಕಡೆಗಲ್ಲ, ಎಲ್ಲ ಕಡೆಗೂ ಒತ್ತುತ್ತದೆ ಎಂದೆ. ಅವನು ತಲೆಯಾಡಿಸಿದ.

ಬಾಯ್ಲರಿನ ಹೊಟ್ಟೆ ಎಂದರೆ ಆ ಡ್ರಮ್ಮೇ. ಮಲಗಿಸಿದ ದೊಡ್ಡ ಪೀಪಾಯಿಯ ಹಾಗೆ ಇರುತ್ತದೆ, ದಪ್ಪ ಉಕ್ಕಿನದು. ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ನೀರು, ಅದರ ಮೇಲೆ ಆವಿ. ಕೆಳಗೆ ಭತ್ತದ ಹೊಟ್ಟಿನ ಬೆಂಕಿ. ಒಂದು ಚೊಂಬು ನೀರು ಆವಿಯಾದರೆ ಅದಕ್ಕೆ ಒಂದು ದೊಡ್ಡ ಕಪಾಟಿನಷ್ಟು ಜಾಗ ಬೇಕು. ಡ್ರಮ್ಮು ಅಷ್ಟು ಜಾಗ ಕೊಡುವುದಿಲ್ಲ, ಆವಿ ಸಿಟ್ಟಿಗೆದ್ದು ದಾರಿ ಹುಡುಕುತ್ತದೆ. ಕೊಳವೆಯಲ್ಲಿ ದಾರಿ ಬಿಟ್ಟರೆ ಹೋಗಿ ತೊಟ್ಟಿಯಲ್ಲಿ ನೆನೆದ ಭತ್ತವನ್ನು ಬೇಯಿಸುತ್ತದೆ. ಹಿಂದಿನ ಕಾಲದಲ್ಲಾದರೆ ದೊಡ್ಡ ಚಕ್ರವನ್ನು ತಳ್ಳಿ ಹತ್ತಿ ಮಿಲ್ಲನ್ನೇ ತಿರುಗಿಸುತ್ತಿತ್ತು. ಡ್ರಮ್ಮಿನ ಮುಂದೆ ನಿಲ್ಲಿಸಿದ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ಎಷ್ಟಿದೆಯೋ ಗಾಜಿನಲ್ಲೂ ಅಷ್ಟೇ ಕಾಣುತ್ತದೆ. ಬಾಯ್ಲರ್‌ನವನ ಕಣ್ಣು ಸದಾ ಆ ಗಾಜಿನ ಮೇಲೆ ಇರಬೇಕು.

ಇದನ್ನೆಲ್ಲ ನಾನು ಅಡುಗೆಮನೆಯ ಮಾತಿನಲ್ಲಿ ಹೇಳುತ್ತಿದ್ದೆ. ನಾನು ಮಾತು ಕಲಿತದ್ದು ನನ್ನ ಅಜ್ಜಿಯ ಒಲೆಯ ಮುಂದೆ, ಅಜ್ಜನ ಕಟ್ಟೆಯ ಮೇಲೆ. ಯಾವುದೇ ಕಷ್ಟದ ಸಂಗತಿಯನ್ನು ಪಾತ್ರೆಗೋ ಹಸುವಿಗೋ ಹೋಲಿಸಿ ಹೇಳಿದರೆ ಕೇಳುವವರ ಮುಖ ಅರಳುತ್ತದೆ, ಆ ಅರಳಿದ ಮುಖದ ರುಚಿ ನನಗೆ ಚಿಕ್ಕಂದಿನಲ್ಲೇ ಹತ್ತಿತ್ತು. ಒತ್ತಡ ಹೆಚ್ಚಾದಾಗ ತಾನೇ ಬಿಚ್ಚಿಕೊಳ್ಳುವ ಕವಾಟಕ್ಕೆ ಕುಕ್ಕರಿನ ಗುಂಡು ಎಂದೆ. ಭತ್ತ ಬೇಯುವ ತೊಟ್ಟಿಗೆ ಕಡುಬಿನ ಪಾತ್ರೆ ಎಂದೆ. ಅವನ ಹೆಂಡತಿ, ಇಷ್ಟು ವರ್ಷ ಇದರ ಪಕ್ಕದಾಗೇ ಇದ್ರೂ ಇವತ್ತು ತಿಳೀತು ನೋಡ್ರಿ, ಎಂದಳು. ನಾನು ಹಿಗ್ಗಿದೆ.

ನಾನು ಮೊದಲು ಹೇಳಿದ ಮಧ್ಯಾಹ್ನ ಪಾಠ ಗಾಜಿನ ಕೊಳವೆಯದು. ಗಾಜಿನಲ್ಲಿ ನೀರು ಕಾಣದೇ ಹೋದರೆ ಏನು ಮಾಡಬೇಕು? ಪುಸ್ತಕ ನನ್ನ ತೊಡೆಯ ಮೇಲಿತ್ತು. ಆ ಪುಟ ನಾನು ಓದಿರಲಿಲ್ಲ. ಇದರಲ್ಲಿ ಓದುವುದೇನಿದೆ ಎಂದುಕೊಂಡೆ. ಅಜ್ಜಿ ಅನ್ನಕ್ಕೆ ಇಟ್ಟು ಹಿತ್ತಲಿಗೆ ಹೋಗುವಾಗ ನನಗೆ ಹೇಳುತ್ತಿದ್ದುದನ್ನೇ ಹೇಳಿದೆ: ನೀರು ಇಂಗಿದರೆ ತಳ ಹಿಡಿಯುವ ಮುಂಚೆ ಒಂದು ಲೋಟ ನೀರು ಬಿಟ್ಟುಬಿಡು. ಹಾಗೆಯೇ ಇಲ್ಲೂ, ಓಡಿಹೋಗಿ ಪಂಪು ಹಾಕಿ ಡ್ರಮ್ಮಿಗೆ ನೀರು ಬಿಡಬೇಕು.

ಅವನು ಗಾಜಿನ ಕೊಳವೆಯ ಕಡೆ ನೋಡಿದ. ಆಮೇಲೆ, "ಮೇಷ್ಟ್ರೇ, ಗಾಜಿನಾಗೆ ನೀರು ಪೂರಾ ಕಾಣ್ದಂಗಾದ್ರೆ ನೀರು ಬಿಡಬ್ಯಾಡ, ಬೆಂಕಿ ಎಳದು ಹಾಕು ಅಂತಿದ್ದ ನಮ್ ಮೇಸ್ತ್ರಿ," ಎಂದ.

"ಯಾಕೆ ಅಂತ ಹೇಳಿದ್ನಾ?"

"ಇಲ್ರಿ. ಯಾಕ ಅಂತ ಹೇಳೋ ಮನುಷ್ಯ ಅಲ್ಲ ಅವ. ಕೇಳಿದ್ರೆ ಸಲಿಕೆ ತೋರಿಸ್ತಿದ್ದ."

ಅಲ್ಲಿಗೆ ನಿಲ್ಲಿಸಿ ಪುಸ್ತಕ ತೆರೆದಿದ್ದರೆ ಆಗುತ್ತಿತ್ತು. ಆದರೆ ಮೂರು ಮುಖಗಳು ನನ್ನನ್ನೇ ನೋಡುತ್ತಿದ್ದವು. ನಾನು ಹೇಳಿದೆ: "ನಿಮ್ಮ ಮೇಸ್ತ್ರಿಗೆ ಪಂಪಿನ ತನಕ ಎದ್ದು ಹೋಗೋಕೆ ಬೇಜಾರು ಇದ್ದಿರಬೇಕಪ್ಪ. ಬಾಯಾರಿ ಬಿದ್ದೋನಿಗೆ ನೀರು ಕೊಡಬ್ಯಾಡ, ಒಲಿ ಆರಿಸು ಅಂದಂಗಾತು."

ಸೂಪರ್‌ವೈಸರ್ ಜೋರಾಗಿ ನಕ್ಕ. ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆ ಮೇಸ್ತ್ರಿ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ.

"ನೀವು ಹೇಳಿದ್ಮ್ಯಾಲೆ ಸರಿ ಬಿಡ್ರಿ," ಎಂದ.

ಪರೀಕ್ಷೆ ದಾವಣಗೆರೆಯಲ್ಲೇ ಒಂದು ಕಚೇರಿಯಲ್ಲಿ ನಡೆಯಿತು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹರಿಹರದಿಂದ ಬಸ್ಸಿನಲ್ಲಿ ಬಂದಿದ್ದ. ನಾನು ಹೋಗಬೇಕಾದ ಅಗತ್ಯವೇನೂ ಇರಲಿಲ್ಲ, ಧೈರ್ಯಕ್ಕೆ ಇರುತ್ತೇನೆ ಎಂದು ಹೋದೆ. ನಿಜ ಹೇಳಬೇಕೆಂದರೆ ನನ್ನ ಪಾಠ ಹೇಗೆ ಕೆಲಸ ಮಾಡುತ್ತದೆಂದು ಕೇಳುವ ಆಸೆ. ಪರೀಕ್ಷೆಯ ಕೋಣೆಗೆ ಬಾಗಿಲು ತೆರೆದೇ ಇತ್ತು, ಒಂದು ಗಿಡ್ಡ ಪರದೆ ಮಾತ್ರ. ಅದರ ಎದುರಿಗೇ ಒಂದು ಬೆಂಚು. ಒಳಗಿನ ಮಾತು ಒಂದೂ ಬಿಡದೆ ಕೇಳುತ್ತಿತ್ತು.

ಮೊದಲ ಪ್ರಶ್ನೆಗಳಿಗೆ ಚೆನ್ನಾಗಿ ಹೇಳಿದ. ಕವಾಟದ ಬಗ್ಗೆ ಕೇಳಿದಾಗ ಕುಕ್ಕರಿನ ಗುಂಡಿನ ಮಾತೂ ಬಂತು, ಅಧಿಕಾರಿ ನಕ್ಕ ಸದ್ದು ಕೇಳಿಸಿತು. ಹೊರಗೆ ನಾನು, ಅದು ನನ್ನದು, ನಾನು ಹೇಳಿಕೊಟ್ಟದ್ದು ಎಂದು ಪಕ್ಕದಲ್ಲಿ ಕೂತಿದ್ದ ಅಪರಿಚಿತನಿಗೆ ಪಿಸುಗುಟ್ಟಿದೆ.

ಆಮೇಲೆ ಅಧಿಕಾರಿ ಗಾಜಿನ ಪ್ರಶ್ನೆ ಕೇಳಿದರು.

ಒಳಗೆ ಮೌನ. ಅವನಿಗೆ ಗೊತ್ತಿಲ್ಲವೇನೋ, ಮರೆತನೇನೋ ಎಂದು ನಾನು ಚಡಪಡಿಸಿದೆ. ಕೊನೆಗೆ, ತಕ್ಷಣ ಪಂಪು ಹಾಕಿ ನೀರು ಬಿಡುತ್ತೇನೆ ಎಂದ. ಅಧಿಕಾರಿ ಒಳ್ಳೆಯವರು. ಇನ್ನೊಂದು ಸಲ ವಿಚಾರ ಮಾಡಿ ಹೇಳಿ, ಗಾಜಿನಲ್ಲಿ ನೀರು ಇಲ್ಲ, ಎಷ್ಟು ಹೊತ್ತಿನಿಂದ ಇಲ್ಲವೋ ನಿಮಗೆ ಗೊತ್ತಿಲ್ಲ ಎಂದು ಬಿಡಿಸಿ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ.

ಆಗ ಅಧಿಕಾರಿ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ನೀರು ಕೆಳಗೆ ಇಳಿದಿದ್ದರೆ ಒಳಗಿನ ಉಕ್ಕು ಕೆಂಡವಾಗಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದರೆ ಬಿದ್ದ ನೀರೆಲ್ಲ ಒಂದೇ ಏಟಿಗೆ ಆವಿಯಾಗುತ್ತದೆ, ಡ್ರಮ್ಮು ತಡೆಯುವುದಿಲ್ಲ, ಸಿಡಿಯುತ್ತದೆ. ಬೆಂಕಿ ತೆಗೆದು, ಆವಿಯ ದಾರಿ ಮುಚ್ಚಿ, ತಾನಾಗಿ ಆರುವ ತನಕ ಕಾಯಬೇಕು. "ಸಿಡಿದ್ರೆ ಹತ್ತಿರ ಇದ್ದೋರು ಯಾರೂ ಉಳಿಯೋದಿಲ್ಲ. ಇದು ಗೊತ್ತಿಲ್ದೋನು ಬಾಯ್ಲರ್ ಪಕ್ಕ ನಿಲ್ಲಬಾರದು. ಯಾರ್ರೀ ನಿಮಗೆ ಇದನ್ನ ಹೇಳಿಕೊಟ್ಟೋರು?"

"ಯಾರೂ ಇಲ್ರಿ ಸರ್. ನಂಗೇ ಹಂಗೆ ತಿಳೀತು."

ಬೆಂಚಿನಿಂದ ಪರದೆಗೆ ನಾಲ್ಕು ಹೆಜ್ಜೆ. ಎದ್ದು ಹೋಗಿ, ಸ್ವಾಮಿ, ನಾನು ಹೇಳಿಕೊಟ್ಟದ್ದು, ಇವನಿಗೆ ಸರಿಯಾದ ಉತ್ತರ ಮೊದಲೇ ಗೊತ್ತಿತ್ತು, ನಾನು ಅದನ್ನು ನಗೆಯಾಡಿ ಬಿಡಿಸಿದೆ ಎಂದು ಹೇಳಬೇಕಿತ್ತು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು. ಬಿಚ್ಚಿ ಮತ್ತೆ ಹಾಕಿಕೊಂಡೆ.

ಅವನು ಹೊರಗೆ ಬಂದಾಗ ಇನ್ನೂ ಕೆಟ್ಟ ಕೆಲಸ ಮಾಡಿದೆ. ಏನೂ ಕೇಳಿಸಿಕೊಳ್ಳದವನ ಹಾಗೆ, ಏನಾತಪ್ಪ, ಏನು ಕೇಳಿದ್ರು ಎಂದು ಕೇಳಿದೆ.

"ಹೋತ್ರಿ ಮೇಷ್ಟ್ರೇ. ಒಂದು ಕಡೆ ಬಾಯಿ ತಪ್ತು," ಎಂದ. ಆಮೇಲೆ ನನ್ನ ಮುಖ ನೋಡಿ, "ನಿಮಗೆ ತ್ರಾಸ ಕೊಟ್ಟೆ," ಎಂದ. ಎದುರಿನ ಅಂಗಡಿಯಲ್ಲಿ ಚಹಾ ಕುಡಿಸಿದ. ನಾನು ಕುಡಿದೆ. ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದೆ.

ಮನೆಗೆ ಬಂದು ಪುಸ್ತಕ ತೆರೆದೆ. ನಾನು ಓದದೆ ಬಿಟ್ಟ ಪುಟದಲ್ಲಿ ಅದು ಎರಡೇ ಸಾಲು, ಅದೂ ದಪ್ಪ ಅಕ್ಷರದಲ್ಲಿ. ಅಧಿಕಾರಿ ಹೇಳಿದ್ದೇ, ಮೇಸ್ತ್ರಿ ಹೇಳಿದ್ದೇ. ಆ ಉತ್ತರವನ್ನು ನಂಬಿ ಅವನು ಎಂದಾದರೂ ಪಂಪು ಹಾಕಿದ್ದರೆ? ಬಾಯ್ಲರ್ ಮನೆಯ ಗೋಡೆಯಾಚೆಗೇ ಕಣ. ಅಲ್ಲಿ ಅವನ ಹೆಂಡತಿ ದಿನವಿಡೀ ಬರಿಗಾಲಲ್ಲಿ ಭತ್ತ ಸರಿಸುತ್ತಾಳೆ. ಮನೆಯಲ್ಲಿ ನನ್ನ ಹೆಂಡತಿ ಊಟಕ್ಕೆ ಕರೆದಳು. ಹೊಟ್ಟೆ ಸರಿಯಿಲ್ಲ ಎಂದು ಮಲಗಿದೆ.

ಗಿರಣಿಯವರು ಸರ್ಟಿಫಿಕೇಟ್ ಇದ್ದ ಬೇರೊಬ್ಬನನ್ನು ತಾತ್ಕಾಲಿಕವಾಗಿ ಕರೆತಂದರು. ಇವನು ಹಮಾಲಿಗೆ ಹಿಂದಿರುಗಿದ. ಮುಂದಿನ ಪರೀಕ್ಷೆಯ ತನಕ ಜಾಗ ಕಾಯ್ದಿರಿಸುತ್ತೇವೆ, ಅಷ್ಟರಲ್ಲೂ ಆಗದಿದ್ದರೆ ಆ ಬೇರೊಬ್ಬನೇ ಕಾಯಂ ಎಂದು ಮಾಲೀಕರು ಹೇಳಿದ್ದಾರೆಂದು ಸೂಪರ್‌ವೈಸರ್ ಫೋನಿನಲ್ಲಿ ತಿಳಿಸಿದ. ನೀವು ಬಂದು ಮತ್ತೆ ಸ್ವಲ್ಪ ಹೇಳಿಕೊಡಿ ಸರ್ ಎಂದ. ಮೊಣಕಾಲು ನೋವು ಎಂದೆ.

ಒಂದೂವರೆ ತಿಂಗಳಾದ ಮೇಲೆ ಹೋದೆ. ಅವನು ಲಾರಿಯಿಂದ ಚೀಲ ಇಳಿಸುತ್ತಿದ್ದ. ಎಡಭುಜದ ಮೇಲೆ ಹೊತ್ತು, ಇಳಿಸಿ, ಬಲಭುಜವನ್ನು ಎಡಗೈಯಲ್ಲಿ ಒತ್ತಿಕೊಳ್ಳುತ್ತಿದ್ದ. ಈ ಸಲ ಮೇಳಕ್ಕೆ ಹೋಗಿಲ್ಲ, ಡೊಳ್ಳು ಕಟ್ಟಿಕೊಳ್ಳೋಕೆ ಆಗಲ್ಲ ಎಂದು ಯಾವುದೋ ಮಾತಿನ ನಡುವೆ ಹೇಳಿದ. ಅವನ ಹೆಂಡತಿ ಕಣದಿಂದ ಬಂದು ನನಗೆ ಮಜ್ಜಿಗೆ ಕೊಟ್ಟಳು. ಕೊಟ್ಟು, ಗಂಡನ ಮೇಲೆ ಹರಿಹಾಯ್ದಳು.

"ಮೇಷ್ಟ್ರು ಆ ಬಿಸಿಲಾಗೆ ಗಾಡಿ ಹೊಡ್ಕಂಡು ಬಂದು, ಎಳೇ ಮಕ್ಕಳಿಗೆ ಹೇಳ್ದಂಗೆ ಹೇಳಿದ್ರು. ಪಕ್ಕದಾಗೆ ಕೂತಿದ್ದ ನಂಗೇ ಬಾಯಿಪಾಠ ಆಗೈತೆ. ಇವ್ರದ್ದು ಡೊಳ್ಳಿನ ತಲಿ, ಒಳಗೆ ಬರೀ ಗಾಳಿ."

ಅವನು ನಕ್ಕ. "ಹೌದು ನೋಡ್ರಿ," ಎಂದು ನನ್ನ ಕಡೆ ತಿರುಗಿ ಹೇಳಿ, ಮತ್ತೆ ಲಾರಿಯ ಹತ್ತಿರ ಹೋದ.

ನಾನು ಮಜ್ಜಿಗೆ ಮುಗಿಸಿ ಲೋಟ ಕೊಟ್ಟೆ. ಅವತ್ತೂ ಹೇಳಲಿಲ್ಲ. ಜೀವನವಿಡೀ ಮಾತು ಮಾರಿಕೊಂಡು ಬದುಕಿದ ಮನುಷ್ಯನಿಗೆ ಹೇಳಬೇಕಾಗಿದ್ದ ಒಂದು ವಾಕ್ಯ ಬಾಯಿಗೆ ಬರಲಿಲ್ಲ. ಸ್ಕೂಟರ್ ಹತ್ತಿ, ದಾವಣಗೆರೆ ಮುಟ್ಟುವವರೆಗೂ ಆ ವಾಕ್ಯವನ್ನು ಬೇರೆ ಬೇರೆ ರೀತಿ ಜೋಡಿಸಿದೆ. ಪ್ರತಿಯೊಂದರಲ್ಲೂ ನನಗೆ ಒಂದು ನೆಪ ಉಳಿಸಿಕೊಂಡಿದ್ದೆ.

ಆಮೇಲಿನ ಮೂರು ವಾರ ಇಡೀ ಪುಸ್ತಕವನ್ನು ಕನ್ನಡದಲ್ಲಿ ಬರೆದೆ, ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ. ಪಾತ್ರೆ, ಕಡುಬು, ಹಸು ಯಾವುದೂ ಇಲ್ಲದೆ, ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ. ಬರೆಯುವುದು ಕಷ್ಟವಾಯಿತು. ಹೇಳುವುದನ್ನು ಮುಂದೂಡಲು ಅದೂ ಒಂದು ದಾರಿ ಎಂದು ನನಗೆ ಗೊತ್ತಿತ್ತು.

ನೋಟ್‌ಬುಕ್ ತೆಗೆದುಕೊಂಡು ಹೋದ ದಿನ ಗಂಡ ಹೆಂಡತಿ ಕಣದ ಬದಿಯ ನೆರಳಿನಲ್ಲಿ ಊಟ ಮುಗಿಸಿ ಕೂತಿದ್ದರು. ನಾನೂ ಅವರ ಎದುರಿಗೆ ನೆಲದ ಮೇಲೆ ಕೂತೆ. ಅವಳು ಕುರ್ಚಿ ತರಲು ಎದ್ದಳು, ಬೇಡ ಎಂದೆ. ಹೇಳಿದೆ. ತಪ್ಪು ಉತ್ತರ ನನ್ನದು, ಮೇಸ್ತ್ರಿ ಹೇಳಿದ್ದೇ ಸರಿ, ನಾನು ಪುಟ ಓದದೆ ಹೇಳಿದ್ದೆ, ಅವತ್ತು ಪರೀಕ್ಷೆಯಲ್ಲಿ ಹೊರಗೆ ಕೂತು ಎಲ್ಲ ಕೇಳಿಸಿಕೊಂಡಿದ್ದೆ.

ಅವಳು ಗಂಡನ ಮುಖ ನೋಡಿದಳು.

"ನಂಗೆ ಗೊತ್ತಿತ್ರಿ," ಎಂದ ಅವನು. "ಪರದೆ ಕೆಳಗೆ ನಿಮ್ ಕಾಲು ಕಾಣ್ತಿತ್ತು."

"ಮತ್ತೆ ಮೇಸ್ತ್ರಿ ಮಾತೇ ಹೇಳಬೇಕಿತ್ತಲ್ಲಪ್ಪ. ಅದು ನಿನಗೆ ಗೊತ್ತಿತ್ತಲ್ಲ."

"ನಾಲಿಗಿ ಮ್ಯಾಲೆ ಬಂದಿತ್ರಿ. ಅವ್ರು ಎರಡನೇ ಸಲ ಕೇಳಿದಾಗಂತೂ ಪೂರಾ ಬಂದಿತ್ತು." ಅಂಗೈಗೆ ಹತ್ತಿದ್ದ ಭತ್ತದ ಧೂಳು ಉಜ್ಜಿಕೊಂಡ. "ನೀವು ಹೊರಗೆ ಕೂತು ಕೇಳ್ತಿದ್ರಿ. ಕಲಿಸಿದೋರು ಕೇಳಂಗೆ, ಅವ್ರು ಕಲಿಸಿದ್ದು ಸುಳ್ಳು ಅಂತ ಹೆಂಗೆ ಹೇಳ್ಲಿ?"

ನಾನು ಧೈರ್ಯಕ್ಕೆಂದು ಹೋಗಿ ಕೂತಿದ್ದೆ. ಹೋಗದಿದ್ದರೆ ಅವನು ಪಾಸಾಗುತ್ತಿದ್ದ.

ನಾನು ನೋಟ್‌ಬುಕ್ಕನ್ನು ಅವರ ಮುಂದೆ ಇಟ್ಟೆ. ಅವಳು ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕಾರು ಪುಟ ತಿರುವಿದಳು. ಅವಳ ಮುಖದಲ್ಲಿ ಹಿಂದಿನ ಆ ಬೆರಗು ಇರಲಿಲ್ಲ, ಸಿಟ್ಟೂ ಕಾಣಲಿಲ್ಲ.

"ಇಟ್ಟು ಹೋಗ್ರಿ ಮೇಷ್ಟ್ರೇ," ಎಂದಳು. "ಒಳಗಿನ ಹೊಸಾ ಬಾಯ್ಲರ್‌ನೋರಿಗೆ ಒಂದ್ಸಲ ತೋರ್ಸಿ ಆಮ್ಯಾಲೆ ಓದ್ತೀವಿ. ತಪ್ಪು ತಿಳ್ಕಾಬ್ಯಾಡ್ರಿ."

ತಪ್ಪು ತಿಳಿಯುವುದಕ್ಕೆ ಏನಿತ್ತು? ಸರಿಯಮ್ಮ ಎಂದೆ. ಗೇಟಿನವರೆಗೆ ಅವನು ಬಂದ. ಬಿಸಿಲಿಗೆ ಕಾದ ಸ್ಕೂಟರಿನ ಸೀಟನ್ನು ತನ್ನ ಟವೆಲಿನಿಂದ ಒರೆಸಿ ಕೊಟ್ಟ. ನಾನು ಹತ್ತಿ ಕಿಕ್ ಹೊಡೆದೆ.

ಉಳಿದದ್ದು ಸೂಪರ್‌ವೈಸರ್ ಹೇಳಿ ತಿಳಿದದ್ದು. ಹೊಸ ಬಾಯ್ಲರ್‌ನವನು ನನ್ನ ನೋಟ್‌ಬುಕ್ಕಿನಲ್ಲಿ ಎರಡು ಕಡೆ ಕೆಂಪು ಪೆನ್ನಿನಲ್ಲಿ ತಿದ್ದಿದನಂತೆ. ಕಣದ ಕೆಲಸ ಮುಗಿದ ಮೇಲೆ ಸಂಜೆ ಹೆಂಡತಿ ಓದಿ ಪ್ರಶ್ನೆ ಕೇಳುವುದು, ಗಂಡ ಉತ್ತರ ಹೇಳುವುದು, ತಪ್ಪಿದರೆ ಅವಳಿಂದ ಬೈಸಿಕೊಳ್ಳುವುದು ದಿನಾ ನಡೆಯಿತಂತೆ. ಮುಂದಿನ ಪರೀಕ್ಷೆ ಯಾವತ್ತು ಎಂದು ನನಗೆ ಹೇಳಿಕಳಿಸಿರಲಿಲ್ಲ. ನಾನೂ ಕೇಳಲಿಲ್ಲ.

ಅವನು ಪಾಸಾದ. ಹೊಸಬ ಇನ್ನೊಂದು ಗಿರಣಿಗೆ ಹೋದ. ಅದರ ಮರುವಾರ, ಸೋಮವಾರ ಬೆಳಿಗ್ಗೆ, ಇವನು ಮತ್ತೆ ಬಾಯ್ಲರ್ ಮನೆಗೆ ಹೋಗಿ, ಗಾಜಿನಲ್ಲಿ ನೀರು ನೋಡಿ, ಹೊಟ್ಟು ತುಂಬಿ ಬೆಂಕಿ ಹಚ್ಚಿದನಂತೆ.